ಒಂದು ಸಾಲು ಕರಿಮಣಿ

ನನಗೊಂದು ಕೆಟ್ಟ ಚಟವಿದೆ. ಎದುರಿಗೆ ಯಾರೇ ಬಂದರೂ ನಾನು ಮೊದಲು ಅವರ ಮುಖ ನೋಡುವುದಿಲ್ಲ, ಕೊರಳು ನೋಡುತ್ತೇನೆ. ಬಸ್ಸಿನಲ್ಲಿ, ಸಂತೆಯಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಅಷ್ಟೇ ಏಕೆ, ಸತ್ತವರ ಮನೆಗೆ ಮಾತನಾಡಿಸಲು ಹೋದಾಗಲೂ ನನ್ನ ಕಣ್ಣು ಕೊರಳಿಗೇ ಹೋಗಿ ನಿಲ್ಲುತ್ತದೆ. ಮಣಿ ಗಾಜಿನದೋ ಪ್ಲಾಸ್ಟಿಕ್ಕಿನದೋ, ದಾರ ನೂಲೋ ನೈಲಾನೋ, ಗಂಟು ಎಲ್ಲಿ ಬಂದಿದೆ, ಎರಡು ಮಣಿಗಳ ನಡುವೆ ಎಳೆ ಕಾಣುತ್ತದೋ ಇಲ್ಲವೋ, ಇವೇ ನನ್ನ ಚಿಂತೆ. ಒಮ್ಮೆ ರೋಣದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಥಟ್ಟನೆ ಸೆರಗು ಎಳೆದುಕೊಂಡು, "ಏನ್ ನೋಡಾಕತ್ತೀರಿ ಅಕ್ಕಾರ? ಬಂಗಾರಲ್ರಿ ಇದು, ಸಂತ್ಯಾಗ ತಗೊಂಡಿದ್ದು" ಎಂದಳು. ನನ್ನನ್ನು ಕಳ್ಳಿ ಎಂದುಕೊಂಡಿದ್ದಳು. ನಾನು ಗಡಿಬಿಡಿಯಲ್ಲಿ ಪರ್ಸು ತೆಗೆದು ಕಾಲೇಜಿನ ಗುರುತಿನ ಚೀಟಿ ತೋರಿಸಿದೆ. ಯಾರೂ ಕೇಳದೆಯೇ ಗುರುತಿನ ಚೀಟಿ ತೋರಿಸುವುದು ನನ್ನ ಇನ್ನೊಂದು ಚಟ.

ಆ ಚೀಟಿಯ ಮೇಲೆ ನನ್ನ ಹೆಸರಿನ ಮುಂದೆ ಎಂ.ಎ. ಎಂದಿದೆ. ಕೆಳಗೆ ಅತಿಥಿ ಉಪನ್ಯಾಸಕಿ, ಇತಿಹಾಸ ವಿಭಾಗ. ಅತಿಥಿ ಎಂದರೆ ಹತ್ತು ವರ್ಷ ಇದ್ದರೂ ಮನೆಯವಳಾಗದವಳು ಎಂದು ತಿಳಿದುಕೊಳ್ಳಿ. ಇರಲಿ. ನಮ್ಮ ಮನೆತನದಲ್ಲಿ ಡಿಗ್ರಿಯ ಕಾಗದ ಮುಟ್ಟಿದವಳು ನಾನೇ ಮೊದಲು. ನಾನು ಚಿಕ್ಕವಳಿದ್ದಾಗ ಮನೆಗೆ ಒಂದು ಪತ್ರ ಬಂದರೆ ಅವ್ವ ಅದನ್ನು ಓದಿಸಿಕೊಂಡು ಬರಲು ಹಿಂದಿನ ಓಣಿಯ ಪೋಸ್ಟ್‌ಮನ್ನರ ಮನೆಗೆ ಹೋಗುತ್ತಿದ್ದಳು. ನಾನು ಐದನೆಯ ಇಯತ್ತೆಗೆ ಬಂದಮೇಲೆ ಆ ಹೋಗುವುದು ನಿಂತಿತು. "ನಮ್ಮ ಪದ್ಮಿ ಓದತಾಳ್ರಿ ಈಗ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಬೆಳಗ್ಗೆ ಮಗ್ಗದ ಕಂಡಿಕೆಗೆ ನೂಲು ಸುತ್ತಿ, ಅದರ ಧೂಳನ್ನು ಮೂಗಿನಲ್ಲಿ ತುಂಬಿಕೊಂಡೇ ಶಾಲೆಗೆ ಹೋಗಿ ಕಲಿತವಳು ನಾನು. ಇದನ್ನು ಹೇಳುವಾಗ ನನಗೆ ಸಂಕೋಚವಿಲ್ಲ, ಜಂಬವಿದೆ. ಆ ಜಂಬದಲ್ಲೇ ಒಂದು ದಿನ ಅವ್ವನಿಗೆ ಒಂದು ಮಾತು ಅಂದುಬಿಟ್ಟೆ. ಅದನ್ನು ಹೇಗೆ ವಾಪಸ್ಸು ತೆಗೆದುಕೊಳ್ಳಬೇಕೆಂದು ತಿಳಿಯದೆ ಆರು ವರ್ಷದಿಂದ ಒದ್ದಾಡುತ್ತಿದ್ದೇನೆ. ಜಗಳ ಎದ್ದದ್ದು ಮಣಿಗಳಿಂದ. ಆದ್ದರಿಂದ ಮೊದಲು ಮಣಿಗಳ ವಿಷಯ.

ನಮ್ಮದು ಗಜೇಂದ್ರಗಡದ ನೇಕಾರರ ಓಣಿ. ಮನೆಯೆಂದರೆ ಒಂದು ಪಡಸಾಲೆ, ಆ ಪಡಸಾಲೆಯೆಂದರೆ ಒಂದು ಕುಣಿಮಗ್ಗ. ನೆಲದಲ್ಲಿ ತೊಡೆಮಟ್ಟ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಸೀರೆ ನೇಯುತ್ತಿದ್ದ. ಹೊರಗಿನಿಂದ ಬಂದವರಿಗೆ ಅಪ್ಪನ ಅರ್ಧ ಶರೀರವಷ್ಟೇ ಕಾಣುತ್ತಿತ್ತು. ನಾನು ಸಣ್ಣವಳಿದ್ದಾಗ ನನ್ನಪ್ಪ ನೆಲದಿಂದ ಹುಟ್ಟಿದವನೆಂದೇ ತಿಳಿದಿದ್ದೆ. ಅವ್ವನ ಪಾಲಿಗೆ ಬಂದದ್ದು ಕೊಂಡಿ ಹಾಕುವ ಕೆಲಸ. ನಮ್ಮ ಕಡೆಯ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಆ ಎರಡರ ಎಳೆ ಎಳೆಗೂ ಕುಣಿಕೆ ಹಾಕಿ ಒಂದರೊಳಗೊಂದು ಸಿಕ್ಕಿಸಬೇಕು. ಅದೇ ಕೊಂಡಿ. ಸಾವಿರಾರು ಎಳೆ, ಒಂದು ತಪ್ಪಿದರೆ ಸೀರೆಗೆ ಸೀಳು. ಅವ್ವ ಅದನ್ನು ಕಣ್ಣಿನಿಂದ ಮಾಡುತ್ತಲೇ ಇರಲಿಲ್ಲ. ಓಣಿಯ ಯಾರ ಜಗಳವನ್ನೋ ಕಿವಿಗೊಟ್ಟು ಕೇಳುತ್ತ, ನಡುನಡುವೆ ತೀರ್ಪನ್ನೂ ಕೊಡುತ್ತ, ಬೆರಳುಗಳ ಪಾಡಿಗೆ ಬೆರಳುಗಳನ್ನು ಬಿಟ್ಟಿರುತ್ತಿದ್ದಳು.

ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಹೋದ. ಎದೆನೋವು ಎಂದು ಕುಣಿಯಿಂದ ಎದ್ದು ಬಂದವನು ಮತ್ತೆ ಇಳಿಯಲಿಲ್ಲ. ಹೆಣ ಎತ್ತುವ ಮುಂಚೆ ಹಿರಿಯ ಹೆಂಗಸರು ಅವ್ವನ ಸುತ್ತ ಕೂತರು. ಬಳೆ ಒಡೆದರು. ಒಬ್ಬಳು ತಾಳಿಯ ದಾರವನ್ನು ಜಗ್ಗಿ ಹರಿದಳು. ಬಂಗಾರದ ತಾಳಿ ಅವಳ ಮುಷ್ಟಿಯಲ್ಲೇ ಉಳಿಯಿತು. ಕರಿಮಣಿಗಳು ಮಾತ್ರ ಫರಶಿಯ ಮೇಲೆ ಚೆಲ್ಲಿ, ಪುಟಿದು, ಉರುಳುತ್ತ ಹೋಗಿ ಮಗ್ಗದ ಕುಣಿಯೊಳಗೆ ಬಿದ್ದವು. ಯಾರೂ ಅವುಗಳ ಕಡೆ ನೋಡಲಿಲ್ಲ. ಎಲ್ಲರೂ ಅಪ್ಪನ ಹಿಂದೆ ಹೋದಮೇಲೆ, ಅವ್ವ ಮುಸುಕು ಹೊದ್ದು ಮೂಲೆಯಲ್ಲಿ ಕೂತಿದ್ದಾಗ, ನಾನು ಕುಣಿಗೆ ಇಳಿದೆ. ಅಪ್ಪನ ಕಾಲು ಆಡುತ್ತಿದ್ದ ಜಾಗ. ಮಣ್ಣು, ನೂಲಿನ ಸಿಪ್ಪೆ, ಒಂದು ಬೀಡಿಯ ತುಂಡು. ಅವುಗಳ ನಡುವಿನಿಂದ ಒಂದೊಂದೇ ಮಣಿ ಆರಿಸಿ ಹಲ್ಲುಪುಡಿಯ ಡಬ್ಬಿಯಲ್ಲಿ ಹಾಕಿಕೊಂಡೆ. ಕೆಳಗೆ ಬಿದ್ದ ಎಳೆಯನ್ನು ಎತ್ತಿಡುವುದು ನಮ್ಮ ಮನೆಯ ರೂಢಿ, ಹಾಗೇ ಎತ್ತಿಟ್ಟಿರಬೇಕು.

ಬಂಗಾರದ ತಾಳಿ ಮುಂದೆ ನನ್ನ ಕಾಲೇಜಿಗೆ ಹೋಯಿತು. ಅಂದರೆ ಅವ್ವ ಅದನ್ನು ಮಾರಿ ನನ್ನನ್ನು ಧಾರವಾಡದ ಹಾಸ್ಟೆಲ್ಲಿಗೆ ಸೇರಿಸಿದಳು. ಡಬ್ಬಿ ನನ್ನ ಟ್ರಂಕಿನ ತಳದಲ್ಲಿ ಕೂತು ನನ್ನ ಜೊತೆಗೇ ಬಂತು.

ಹಾಸ್ಟೆಲ್ಲಿನಲ್ಲಿ ನಮ್ಮ ಪಕ್ಕದ ಕೋಣೆಗೆ ಕೀನ್ಯಾ ದೇಶದ ಒಬ್ಬ ಹುಡುಗಿ ಬಂದಳು. ಮಸಾಯಿ ಜನದವಳು, ಹೆಸರು ನಾಮುನ್ಯಾಕ್. ನಾನು ಅವಳ ಕೊರಳನ್ನು ನೋಡುತ್ತ ನಿಂತುಬಿಟ್ಟೆ. ಹಾರ ಎಂದರೆ ಎದೆಯ ಮೇಲೆ ಇಳಿಬೀಳುವುದು ಎಂದು ತಿಳಿದವಳು ನಾನು. ಅವಳದು ತಾಟಿನ ಹಾಗೆ ಚಪ್ಪಟೆಯಾಗಿ ಕೊರಳ ಸುತ್ತ ಹರಡಿಕೊಂಡಿತ್ತು. ಸಾಲಿನ ಹೊರಗೊಂದು ಸಾಲು, ಒಂದೊಂದಕ್ಕೂ ಒಂದೊಂದು ಬಣ್ಣ. ಅವಳಿಗೆ ಸಿಟ್ಟು ಬರಲಿಲ್ಲ. ಎದುರಿಗೆ ಕೂಡಿಸಿಕೊಂಡು ನನ್ನ ಹರಕುಮುರುಕು ಇಂಗ್ಲಿಷಿಗೆ ತಕ್ಕ ಹಾಗೆ ಬಿಡಿಸಿ ಹೇಳಿದಳು. ಕೆಂಪು ಅಂದರೆ ದನದ ರಕ್ತ, ಧೈರ್ಯ. ಬಿಳಿ, ಹಾಲು. ನೀಲಿ, ಮಳೆ ಕೊಡುವ ಆಕಾಶ. ಹಸಿರು, ದನ ಮೇಯುವ ಹುಲ್ಲು. ಕಪ್ಪು ಎಂದರೆ ಜನ, ಜನರು ಪಟ್ಟ ಕಷ್ಟ. ಒಂದು ಹೆಣ್ಣು ಎದುರು ಬಂದರೆ ಅವಳ ಕೊರಳು, ಕಿವಿ ನೋಡಿಯೇ ಲಗ್ನವಾದವಳೋ ಅಲ್ಲವೋ ತಿಳಿಯುತ್ತದಂತೆ. ನಮ್ಮಲ್ಲೂ ಹಾಗೇ, ಎಂದೆ. ಬೋಳು ಕೊರಳನ್ನೂ ನಾವು ಓದುತ್ತೇವೆ ಎಂದು ಹೇಳಬೇಕೆಂದಿದ್ದೆ. ಅಷ್ಟು ಇಂಗ್ಲಿಷು ಬರಲಿಲ್ಲ.

ಪರೀಕ್ಷೆ ಮುಗಿದಮೇಲೆ ಅವಳನ್ನು ಊರಿಗೆ ಕರೆದುಕೊಂಡು ಬಂದೆ. ಅಂದು ಕಾರಹುಣ್ಣಿಮೆ. ಬಸ್ಸಿಳಿದವಳೇ ಎತ್ತುಗಳನ್ನು ಕಂಡು ನಿಂತುಬಿಟ್ಟಳು: ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಮಣಿಸರ. "ನಿಮ್ಮ ಊರಲ್ಲಿ ದನಗಳಿಗೆ ಮರ್ಯಾದೆ ಇದೆ" ಎಂದಳು, ಅಷ್ಟೊತ್ತು ನಮ್ಮೂರಿನ ಬಗ್ಗೆ ಅವಳಿಗಿದ್ದ ಅನುಮಾನವೆಲ್ಲ ಬಗೆಹರಿದ ಹಾಗೆ. ಮನೆಯಲ್ಲಿ ಅವ್ವ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ ಕೊರಳಲ್ಲಿ ನಿಂತಳು.

"ಈಕಿ ಕೊರಳಾಗ ಇಷ್ಟಕೊಂದ ಮಣಿ ಅದಾವಲ್ಲ, ಲಗ್ನ ಆಗೇತೇನ?"

"ಇಲ್ಲಬೇ, ಇನ್ನೂ ಓದಾಕತ್ತಾಳ."

"ಹಂಗಾರ ಲಗ್ನ ಆದಮ್ಯಾಲೆ ಇನ್ನೆಷ್ಟು ಹಾಕ್ಕೋತಾಳ? ಕುತಗಿ ತಡೀಬೇಕಲ್ಲ!"

ನಾಮುನ್ಯಾಕ್ ಎಂಬ ಹೆಸರು ಅವ್ವನ ನಾಲಿಗೆಗೆ ಹತ್ತಲಿಲ್ಲ. ಸಂಜೆಯ ಹೊತ್ತಿಗೆ ಅವಳು ನಾಮವ್ವ ಆಗಿದ್ದಳು. ಮೂರು ದಿನ ಇದ್ದಳು. ಅವ್ವ ಓಣಿಯ ಬೇರೆ ಮಗ್ಗಗಳಿಗೆ ಕೊಂಡಿ ಹಾಕುತ್ತಿದ್ದರೆ ನಾಮವ್ವ ಎದುರಿಗೆ ಕೂತು ಮಣಿ ಪೋಣಿಸುತ್ತಿದ್ದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ನಾನು ನಡುವೆ ಕೂತು ತರ್ಜುಮೆ ಮಾಡಲು ತಯಾರಾಗಿದ್ದೆ. ಯಾರೂ ಏನೂ ಕೇಳಲಿಲ್ಲ. ಒಮ್ಮೆ ಮಾತ್ರ ಅವ್ವ ಅವಳ ಕೈಯಿಂದ ಹಾರ ತೆಗೆದುಕೊಂಡು, ಕಣ್ಣು ಬೇರೆಡೆ ಇಟ್ಟು, ಬೆರಳಾಡಿಸಿ, "ಇಲ್ಲೊಂದು ತಪ್ಪೈತಿ" ಎಂದಳು. ತಪ್ಪಿತ್ತು. ಹಸಿರಿನ ಸಾಲಿನಲ್ಲಿ ಒಂದು ಮಣಿ ಬೇರೆ ಅಳತೆಯದು. ನಾಮವ್ವ ಎದ್ದು ಅವ್ವನ ಮುಂದೆ ತಲೆ ಬಗ್ಗಿಸಿದಳು. ಹಿರಿಯರಿಗೆ ಅವರು ನಮಸ್ಕಾರ ಮಾಡುವ ರೀತಿ ಅದು. ಅವ್ವ ಗಾಬರಿಯಾಗಿ ತಲೆಯಲ್ಲಿ ಹೇನಿದೆಯೇ ಎಂದು ನೋಡತೊಡಗಿದಳು.

ಡಬ್ಬಿಯ ವಿಷಯ ನಾನು ಹೇಳಿದ್ದು ನಾಮುನ್ಯಾಕ್‌ಳಿಗೆ ಮಾತ್ರ. ಅವಳು, ತಮ್ಮ ಮನೆಯಲ್ಲಿ ಅಜ್ಜಿಯ ಹಾರ ಬಿಚ್ಚಿ ಆ ಮಣಿಗಳನ್ನು ಮೊಮ್ಮಗಳ ಮದುವೆಯ ಹಾರಕ್ಕೆ ಸೇರಿಸಿದ್ದರು, ತಂತಿ ಹಳತಾಗುತ್ತದೆ, ಮಣಿ ಹಳತಾಗುವುದಿಲ್ಲ ಎಂದಳು. ಅದು ಅವರ ಮನೆಯ ಪದ್ಧತಿಯೋ, ಅವರ ಜನರೆಲ್ಲರ ಪದ್ಧತಿಯೋ, ಅಜ್ಜಿ ಬದುಕಿದ್ದಳೋ ಇಲ್ಲವೋ, ಒಂದನ್ನೂ ನಾನು ಕೇಳಲಿಲ್ಲ. ಇತಿಹಾಸದ ವಿದ್ಯಾರ್ಥಿನಿ ನಾನು! ನನಗೆ ಬೇಕಾದ ವಾಕ್ಯ ಸಿಕ್ಕಿತ್ತು, ಎತ್ತಿಟ್ಟುಕೊಂಡೆ.

ಅವಳು ಓದು ಮುಗಿಸಿ ಊರಿಗೆ ಹೋದಳು. ಒಂದೆರಡು ವರ್ಷ ಫೋನಿನಲ್ಲಿ ಫೋಟೋಗಳು ಬಂದವು: ದನಗಳು, ಒಂದು ಮಗು, ಬಿರುಕುಬಿಟ್ಟ ನೆಲ. ಆಮೇಲೆ ಆ ನಂಬರಿಗೆ ಮಾಡಿದರೆ ಯಾರೋ ಗಂಡಸು ಎತ್ತಿ ತಿಳಿಯದ ಭಾಷೆಯಲ್ಲಿ ಏನೋ ಹೇಳುತ್ತಿದ್ದ. ಈಗ ಅದೂ ಇಲ್ಲ. ಅವ್ವ ಬಹಳ ದಿನ ಕೇಳುತ್ತಿದ್ದಳು, "ನಾಮವ್ವ ಏನಂತಾಳ?" ನಾನು "ಚಲೋ ಅದಾಳಂತ" ಎನ್ನುತ್ತಿದ್ದೆ.

ಅವಳಿಂದ ಕಲಿತದ್ದು ಕೈಯಲ್ಲಿ ಉಳಿಯಿತು. ರೋಣದ ಕಾಲೇಜಿನಲ್ಲಿ ಕೆಲಸ ಸಿಕ್ಕಮೇಲೆ ಅಲ್ಲೇ ಒಂದು ಕೋಣೆ ಹಿಡಿದು, ಸಂಜೆ ಪಾಠ ಮುಗಿಸಿ ಬಂದು ಮಣಿ ಪೋಣಿಸಲು ಕೂತೆ. ನನ್ನ ಮೊದಲ ಹಾರವನ್ನು ಹಾಕಿಕೊಂಡು ಕಾಲೇಜಿಗೆ ಹೋದಾಗ ಕನ್ನಡದ ಮೇಷ್ಟ್ರು, "ಏನ್ರಿ ಮೇಡಂ, ಕಾರಹುಣ್ಣಿಮಿ ಇನ್ನೂ ಎರಡ ತಿಂಗಳೈತಲ್ಲ" ಎಂದರು. ಹುಬ್ಬಳ್ಳಿಯ ಒಂದು ಪ್ರದರ್ಶನದಲ್ಲಿ ಮೇಜು ಹಾಕಿದ್ದಾಗ ಒಬ್ಬಾಕೆ, "ಖರೇನ ಆಫ್ರಿಕಾದಿಂದ ಬಂದಾವೇನ್ರಿ?" ಎಂದು ಕೇಳಿದಳು. "ಹೌದ್ರಿ, ಗಜೇಂದ್ರಗಡ ಹಾದು ಬಂದಾವು" ಎಂದೆ. ನಕ್ಕಳು, ತೆಗೆದುಕೊಳ್ಳಲಿಲ್ಲ. ಸುಳ್ಳೇನೂ ಹೇಳಿರಲಿಲ್ಲ. ಮಸಾಯಿ ಹೆಂಗಸರು ತಂತಿಗೆ ಪೋಣಿಸಿದರೆ ನಾನು ನಮ್ಮ ಹಾಸಿನ ನೂಲನ್ನೇ ಹೊಸೆದು ಪೋಣಿಸುತ್ತಿದ್ದೆ. ಸಾಲುಗಳನ್ನು ಒಂದಕ್ಕೊಂದು ಕೂಡಿಸಲು ಕೊಂಡಿ ಹಾಕುತ್ತಿದ್ದೆ, ಅವ್ವ ಸೆರಗಿಗೆ ಹಾಕುವ ಹಾಗೆ. ಬಣ್ಣ ಅವರದು, ಗಂಟು ನಮ್ಮದು ಎಂದು ನನ್ನ ಮನಸ್ಸಿನಲ್ಲಿ ದೊಡ್ಡ ಹೆಮ್ಮೆ.

ಆಗ ನನ್ನ ತಂಗಿ ರೇಣುಕಾಗೆ ನರಗುಂದದ ಸಂಬಂಧ ಕೂಡಿಬಂತು. ಹುಡುಗನದು ಕಿರಾಣಿ ಅಂಗಡಿ. ನಾನು ಮೂರು ತಿಂಗಳು ಕೂತು ಅವಳಿಗೆ ಒಂದು ಹಾರ ಮಾಡಿದೆ. ಒಂಬತ್ತು ಸಾಲು. ಹೊರಗಿನದು ನಮ್ಮ ಸೆರಗಿನ ಕೆಂಪು, ಅದರ ಪಕ್ಕ ಸೆರಗಿನ ಬಿಳಿ ಪಟ್ಟಿ, ಆಮೇಲೆ ಒಡಲಿನ ಕಡುನೀಲಿ, ನಾಮುನ್ಯಾಕ್‌ಳ ಹುಲ್ಲಿನ ಹಸಿರು, ಹೀಗೆ. ಎಲ್ಲಕ್ಕಿಂತ ಒಳಗೆ, ಕೊರಳಿಗೆ ಹತ್ತುವ ಜಾಗದಲ್ಲಿ, ಒಂದು ಸಾಲು ಕರಿಮಣಿ. ಡಬ್ಬಿಯಲ್ಲಿದ್ದವು. ಜನ, ಜನರು ಪಟ್ಟ ಕಷ್ಟ.

ವಿಧವೆಯ ಕೊರಳಿನಿಂದ ಹರಿದ ಮಣಿ ಮದುಮಗಳ ಕೊರಳಿಗೆ ಬರಬಾರದು ಎಂಬುದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಹಾಕಿದೆ. ಇಂಥದ್ದನ್ನು ಮುರಿಯದಿದ್ದರೆ ನಾನು ಓದಿದ್ದು ಏತಕ್ಕೆ ಎಂದುಕೊಂಡೆ. ಆದರೆ ಮುರಿಯುವ ಧೈರ್ಯವನ್ನೂ ಅರ್ಧವೇ ಮಾಡಿದೆ. ಯಾರಿಗೂ ಹೇಳಲಿಲ್ಲ. ತಂಗಿಗೂ ಇಲ್ಲ, ಅವ್ವನಿಗೂ ಇಲ್ಲ.

ಲಗ್ನದ ಹಿಂದಿನ ದಿನ ಮಧ್ಯಾಹ್ನ ಅವ್ವನಿಗೆ ಹಾರ ತೋರಿಸಿದೆ. ಅಷ್ಟೊತ್ತಿಗೆ ಅವಳ ಕಣ್ಣು ಮಂದವಾಗಿತ್ತು. ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ನೋಡಿದಳು. ಹೊರಗಿನ ಸಾಲಿನಿಂದ ಒಳಗೆ ಬಂದಳು. ಕೊಂಡಿ ಮುಟ್ಟಿ, "ಚಲೋ ಬಂದಾವು" ಎಂದಳು. ನನಗೆ ಡಿಗ್ರಿ ಬಂದಾಗಲೂ ಅಷ್ಟು ಸಂತೋಷವಾಗಿರಲಿಲ್ಲ. ಆಮೇಲೆ ಅವಳ ಬೆರಳು ಒಳಗಿನ ಸಾಲಿಗೆ ಬಂದು ನಿಂತಿತು. ಒಂದೊಂದೇ ಮಣಿಯನ್ನು ಹೆಬ್ಬೆರಳಿನ ಕೆಳಗೆ ಹೊರಳಿಸಿದಳು.

"ಇವು ಎಲ್ಲಿವು?"

"ಹುಬ್ಬಳ್ಳಿ ಪ್ಯಾಟಿವು."

"ಹುಬ್ಬಳ್ಳಿವು" ಎಂದಳು ಅವ್ವ. ಹಾರವನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಪೆಟ್ಟಿಗೆಯಲ್ಲಿಟ್ಟು, ಕೈ ತೊಳೆದುಕೊಂಡು ಬಂದು ಬಂದವರಿಗೆ ಚಹಾ ಕೊಡತೊಡಗಿದಳು.

ಮರುದಿನ ನರಗುಂದದಲ್ಲಿ ರೇಣುಕಾ ಆ ಹಾರ ಹಾಕಿಕೊಂಡು ನಿಂತಿದ್ದಳು. ಎಲ್ಲರೂ ಹೊಗಳಿದರು. ನಾನು ಕೊರಳು ನೋಡಿದೆ. ಎಂಟೇ ಸಾಲು. ಒಳಗಿನ ಕೊಂಡಿ ಬಿಚ್ಚಿ, ಕರಿಮಣಿಯ ಸಾಲನ್ನು ತೆಗೆದು, ಮತ್ತೆ ಕೊಂಡಿ ಹಾಕಿ ಕೂಡಿಸಿತ್ತು. ಒಂದು ಎಳೆಯೂ ಕತ್ತರಿಸಿರಲಿಲ್ಲ. ನಾನು ಹಾಕಿದ್ದಕ್ಕಿಂತ ಸಣ್ಣ ಕೊಂಡಿ, ನಾನು ಹಾಕಿದ್ದಕ್ಕಿಂತ ಬಿಗಿ.

ಲಗ್ನ ಮುಗಿದು ಮೂರನೆಯ ದಿನ ಅವ್ವ ತನ್ನ ತವರೂರು ಮೆಣಸಗಿಗೆ ಹೋಗಿ, ಮಲಪ್ರಭೆ ಹೊಳೆಗೆ ಪೂಜೆ ಮಾಡಿ ಬಂದಳು. ನನಗೆ ಎಲ್ಲ ತಿಳಿದುಹೋಯಿತು ಅನ್ನಿಸಿತು. ಓದಿದವರಿಗೆ ಬೇಗ ತಿಳಿಯುತ್ತದೆ ನೋಡಿ. ಅವಳು ರೊಟ್ಟಿ ಬಡಿಯುತ್ತ ಕೂತಿದ್ದಳು.

"ಯವ್ವಾ, ಹಾರದಾಗಿನ ಒಂದ ಸಾಲ ಎಲ್ಲಿ ಹೋತು?"

"ಬಿಚ್ಚಿದೆ."

"ಯಾಕ?"

"ಬಿಚ್ಚಬೇಕಾತು, ಬಿಚ್ಚಿದೆ."

"ಹೊಳಿಗೆ ಹಾಕಿ ಬಂದಿ, ಹೌದಿಲ್ಲ? ರಂಡೀ ಮಣಿ, ಅಪಶಕುನ ಅಂತ?"

ಅವ್ವ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು. ಮತ್ತೆ ಬಡಿಯತೊಡಗಿದಳು. ಆ ಸದ್ದು ನನ್ನ ತಲೆಗೇರಿತು.

"ಮೂರು ತಿಂಗಳು ಕಣ್ಣ ಕಿತ್ಕೊಂಡು ಮಾಡೇನಿ. ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ ನೀ, ನಿನಗ ಹ್ಯಾಂಗ ತಿಳೀಬೇಕು ಇದೆಲ್ಲ? ಒಂದಕ್ಷರ ಬರಾಂಗಿಲ್ಲ ನಿನಗ."

ಅವ್ವ ಹಂಚಿನ ಮೇಲಿನ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು. "ಉಣ್ಣು. ಆರತೈತಿ" ಎಂದಳು. ನಾನು ಉಂಡೆ. ಅದೂ ಒಂದು ನಾಚಿಕೆ: ಅಂಥ ಮಾತು ಅಂದು, ಎದ್ದು ಹೋಗದೆ, ಎರಡು ರೊಟ್ಟಿ ಉಂಡೆ.

ಜಗಳ ಅಂದರೆ ಇಷ್ಟೇ. ಅವ್ವ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಕಾಲು ಹಿಡಿದು ಸರಿಮಾಡಿಕೊಳ್ಳಬಹುದಿತ್ತು. ಊರಿಗೆ ಹೋದರೆ ಮೊದಲಿನ ಹಾಗೇ ಉಪ್ಪಿನಕಾಯಿ ಕಟ್ಟಿಕೊಟ್ಟಳು, ತಲೆಗೆ ಎಣ್ಣೆ ಹಚ್ಚಿದಳು. ಒಂದೇ ಒಂದು ನಿಂತುಹೋಯಿತು. ಏನಾದರೂ ಓದುವುದಿದ್ದರೆ ನನ್ನ ಕೈಗೆ ಕೊಡುವುದನ್ನು ಬಿಟ್ಟಳು. ಪಿಂಚಣಿಯ ಕಾಗದ ಬರಲಿ, ಬ್ಯಾಂಕಿನ ಮೆಸೇಜು ಬರಲಿ, ರೇಷನ್ ಕಾರ್ಡಿನ ಚೀಟಿ ಬರಲಿ, ನಾನು ಪಡಸಾಲೆಯಲ್ಲೇ ಕೂತಿದ್ದರೂ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಓಣಿಗೆ ಹೋಗುತ್ತಿದ್ದಳು. ಪೋಸ್ಟ್‌ಮನ್ನರು ತೀರಿಕೊಂಡಿದ್ದರು, ಅವರ ಸೊಸೆ ಓದಿ ಹೇಳುತ್ತಿದ್ದಳು. "ಯವ್ವಾ, ನಾ ಇದ್ದೇನಲ್ಲ" ಎಂದರೆ, "ನೀ ಕೆಲಸದಾಕಿ, ನಿನಗ್ಯಾಕ ತ್ರಾಸು" ಎನ್ನುತ್ತಿದ್ದಳು. ವ್ಯಂಗ್ಯ ಇರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಆ ಹಾರವೂ ಬಹಳ ದಿನ ಕೊರಳಲ್ಲಿ ಉಳಿಯಲಿಲ್ಲ. "ಅಕ್ಕಾ, ನಮ್ಮತ್ತಿ ಅದನ್ನ ಶೋಕೇಸಿನಾಗ ಇಟ್ಟಾಳ, ಭಾಳ ಚಂದ ಕಾಣತೈತಿ" ಎಂದು ರೇಣುಕಾ ಫೋನಿನಲ್ಲಿ ಹೇಳಿದಳು. ಹೋದಾಗ ನೋಡಿದೆ. ಪ್ಲಾಸ್ಟಿಕ್ ಗುಲಾಬಿ, ಯಾರೋ ಕಬಡ್ಡಿಯಲ್ಲಿ ಗೆದ್ದ ಕಪ್, ಅವುಗಳ ನಡುವೆ ನನ್ನ ಎಂಟು ಸಾಲು.

ಹೋದ ಶ್ರಾವಣದಲ್ಲಿ ಅವ್ವನಿಗೆ ಸೊಂಟ ಹಿಡಿದು ಏಳಲು ಬರದಂತಾಯಿತು. ರೋಣಕ್ಕೆ ಕರೆದುಕೊಂಡು ಬಂದು ಒಂದು ದವಾಖಾನೆಗೆ ತೋರಿಸಿದೆ. ಎಕ್ಸ್‌ರೇ ತೆಗೆಸಿ ಎಂದರು. ಒಳಗಿನ ನರ್ಸಮ್ಮ ಅವ್ವನನ್ನು ಮೇಜಿನ ಮೇಲೆ ಮಲಗಿಸಿ, ಸೀರೆ ಸಡಿಲಿಸಿ, ಗಕ್ಕನೆ ನಿಂತಳು.

"ಯವ್ವಾ, ಸೊಂಟದಾಗ ಏನೋ ಕಟ್ಟೀಯಲ್ಲ, ಅದನ್ನ ತಗೀಬೇ. ಫೋಟೋದಾಗ ಬರತೈತಿ."

"ಬರ್ಲಿ ಬಿಡ."

"ಡಾಕ್ಟ್ರಿಗೆ ನಿನ್ನ ಎಲುಬು ಬೇಕಬೇ, ಮಣಿ ಅಲ್ಲ! ಅಕ್ಕಾರ, ನೀವರ ಹೇಳ್ರಿ."

ಅವ್ವ ನನ್ನ ಕಡೆ ನೋಡಲಿಲ್ಲ. ಮಲಗಿದ್ದಲ್ಲೇ ಸೀರೆಯ ಒಳಗೆ ಕೈ ಹಾಕಿ ಬೆರಳಿನಿಂದ ಗಂಟು ಬಿಚ್ಚಿ ಹೊರಗೆ ತೆಗೆದಳು. ಹಾಸಿನ ನೂಲಿನಲ್ಲಿ ಪೋಣಿಸಿದ ಕರಿಮಣಿ. ಮೈಯ ಬಿಸಿ ಇನ್ನೂ ಇತ್ತು. ನರ್ಸಮ್ಮ ಅದನ್ನು ನನ್ನ ಅಂಗೈಯಲ್ಲಿ ಹಾಕಿ, ನನ್ನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದಳು. ಆಫ್ರಿಕಾದ ಪಡುವಣ ಕಡೆ ಹೆಂಗಸರು ಸೊಂಟಕ್ಕೆ ಮಣಿ ಕಟ್ಟಿಕೊಳ್ಳುತ್ತಾರೆ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ, ಎಂದು ಎಲ್ಲೋ ಓದಿದ್ದೆ. ನಾನು ಅದನ್ನು ಪ್ರದರ್ಶನದಲ್ಲಿ ಗಿರಾಕಿಗಳಿಗೂ ಹೇಳುತ್ತಿದ್ದೆ. ಆಗಲೂ ನನ್ನ ಕಣ್ಣು ಅವರ ಕೊರಳಿನ ಮೇಲೇ ಇರುತ್ತಿತ್ತು.

ಫೋಟೋ ಬರುವವರೆಗೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಅವ್ವ ಕೈ ಚಾಚಿದಳು. ಕೊಟ್ಟೆ.

"ಕಟ್ಟಲೇನಬೇ?"

"ಬ್ಯಾಡ. ಆಮ್ಯಾಲೆ ಕಟ್ಟಿಕೋತೀನಿ."

"ಹೊಳಿಗೆ ಹಾಕಿದಿ ಅಂತ ತಿಳಕೊಂಡಿದ್ನಿ."

"ನಾ ಯಾಕ ಹಾಕ್ಲಿ? ನನ್ನವು ಅವು."

ಅದು ನನಗೆ ಹೊಳೆದೇ ಇರಲಿಲ್ಲ. ಅವು ಇತಿಹಾಸ, ಅವು ಸಂಪ್ರದಾಯ, ಅವು ಕಷ್ಟದ ಗುರುತು, ಏನೇನೋ ಆಗಿದ್ದವು ನನ್ನ ತಲೆಯಲ್ಲಿ. ಅವ್ವನವು ಆಗಿರಲಿಲ್ಲ.

"ಕುಣ್ಯಾಗ ಇಳಿದು ಆರಿಸಿಕೊಂಡಿ. ಮುಸುಕಿನಾಗಿಂದ ನೋಡಿದ್ನಿ" ಎಂದಳು, ಎದುರಿನ ಗೋಡೆಯ ಕಡೆ ತಿರುಗಿ. "ಇರಲಿ, ಹುಡಿಗಿ ಕಡೆ ಇರಲಿ ಅಂತ ಬಿಟ್ಟೆ. ಕೇಳಿದ್ದರ ಕೊಡತಿದ್ನಿ. ರೇಣಿಗಲ್ಲ, ನಿನಗ. ನೀ ಕೇಳಲಿಲ್ಲ."

ಮಣಿಗಳನ್ನು ಮುಷ್ಟಿಯಲ್ಲಿ ಮಡಿಚಿಕೊಂಡು, "ಹುಬ್ಬಳ್ಳಿವು ಅಂದಿ" ಎಂದಳು.

ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು, ಎಲುಬು ಸವೆದಿದೆ, ಇನ್ನು ನೆಲದ ಮೇಲೆ ಕೂಡಬಾರದು, ಕೊಂಡಿಗಿಂಡಿ ಎಲ್ಲ ಬಂದ್ ಎಂದರು. "ಮತ್ತ ಎಲ್ಲಿ ಕುಂಡ್ರಲ್ರಿ?" ಎಂದು ಅವ್ವ ಖರೇನೇ ಕೇಳಿದಳು. ಅವರು ನಕ್ಕು, "ಕುರ್ಚಿ ಮ್ಯಾಲೆ ಕುಂಡ್ರಬೇ" ಎಂದು ಚೀಟಿ ಬರೆದರು. ಅಲ್ಲಿಂದ ಬರುವ ಮುಂಚೆ ಅವ್ವ ಬಾಗಿಲ ಮರೆಗೆ ಹೋಗಿ ಮಣಿ ಕಟ್ಟಿಕೊಂಡು ಬಂದಳು.

ಗಜೇಂದ್ರಗಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂಡಿಸಿದೆ. ಊರು ದಾಟಿತು. ಎರಡೂ ಕಡೆ ಹೆಸರುಕಾಳಿನ ಹೊಲ, ಮೇಲೆ ಮುಚ್ಚಿಕೊಂಡ ಮೋಡ. ಆರು ವರ್ಷದಿಂದ ಬಾಯಿಪಾಠ ಮಾಡಿಕೊಂಡ ಮಾತುಗಳೆಲ್ಲ ಮರೆತುಹೋದವು.

"ಯವ್ವಾ, ಅವತ್ತ ನಾ ಅಂದದ್ದು ತಪ್ಪಾತಬೇ."

"ಹೂಂ" ಎಂದಳು. ನನ್ನ ಮೊಣಕೈಯ ಮೇಲೆ ಕೈ ಇಟ್ಟು ಒಮ್ಮೆ ತಟ್ಟಿದಳು. "ಹೋಗ್ಲಿ ಬಿಡು."

ಎಲ್ಲ ಸರಿಹೋಯಿತು ಎಂದುಕೊಂಡೆ. ಕಂಡಕ್ಟರ್ ಬಂದು ನಮ್ಮಿಬ್ಬರ ಆಧಾರ್ ಕಾರ್ಡು ನೋಡಿ, ಹೆಂಗಸರಿಗೆ ಕೊಡುವ ಪುಕ್ಕಟೆ ಚೀಟಿ ಹರಿದು ಇಬ್ಬರ ಕೈಗೂ ಒಂದೊಂದು ಕೊಟ್ಟು ಹೋದ. ಅವ್ವ ತನ್ನದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ, ಮುಂದಿನ ಸೀಟಿನಲ್ಲಿದ್ದ ಗುರುತಿಲ್ಲದ ಹೆಣ್ಣುಮಗಳ ಭುಜ ಮುಟ್ಟಿದಳು.

"ಯವ್ವಾ, ಇದರಾಗ ಗಜೇಂದ್ರಗಡ ಅಂತ ಐತೇನು, ಒಂದೀಟ ಓದಿ ಹೇಳವಾ."